ಯಾವ ಟೊಮೆಟೊ, ಯಾವ ಮೆಣಸಿನಕಾಯಿ: ಮುಂಬೈ, ಪುಣೆ, ಗೋವಾದ ಮೂರು ಮನೆಗಳ ಲೆಕ್ಕ

2023ರ ಜುಲೈಯಲ್ಲಿ ಟೊಮೆಟೊ ಕಿಲೊಗೆ ನೂರೈವತ್ತು ರೂಪಾಯಿ ದಾಟಿದಾಗ ಮುಲುಂಡಿನ ನಮ್ಮ ಸೊಸೈಟಿಯವರಿಗೆಲ್ಲ ಒಮ್ಮೆಲೇ ಬೇಸಾಯದ ಹುಮ್ಮಸ್ಸು ಬಂತು. ನಮ್ಮ ವಿಂಗಿನಲ್ಲೇ ಏಳು ಮನೆಯವರು ಕುಂಡ, ಮಣ್ಣು, ಬೀಜದ ಪಾಕೀಟು ಎಲ್ಲ ತಂದರು. ಬೀಜ ಮೊಳೆಯಿತು, ಸಸಿ ಮೊಣಕಾಲುದ್ದ ಬಂತು, ಹೂವೂ ಬಿಟ್ಟಿತು. ಆಮೇಲೆ ಒಂದೊಂದೇ ಹೂವು ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗಿ ಕಳಚಿ ಬಿತ್ತು. ಉಳಿದ ಎಲೆಗಳಿಗೆ ಚುಕ್ಕೆ ಬಿದ್ದು ಒಣಗುವ ಅಂಗಮಾರಿ ರೋಗ ತಗುಲಿತು. ಏಳೂ ಮನೆಯ ಫಸಲು ಕೂಡಿಸಿದರೆ ಒಂದು ಹೊತ್ತಿನ ಸಾರಿಗೂ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಬಜಾರಿನಲ್ಲಿ ದರ ಮತ್ತೆ ನೆಲಕ್ಕಿಳಿದಿತ್ತು.

ಎಲ್ಲರೂ ನನ್ನನ್ನು ಕೇಳಿದ್ದು, "ಯಾವ ಬೀಜ ಹಾಕಬೇಕಾಗಿತ್ತು?" ಎಂದು. ಜುಲೈಯಲ್ಲಿ ಮುಂಬೈಯಲ್ಲಿ ಯಾವ ಟೊಮೆಟೊ ಬೀಜವನ್ನೂ ಹಾಕಬಾರದಿತ್ತು ಎಂದೆ. ಆ ಉತ್ತರ ಯಾರಿಗೂ ಹಿಡಿಸಲಿಲ್ಲ.

ಇದನ್ನು ಹೇಳುವಷ್ಟು ಪೆಟ್ಟು ನಾನೂ ತಿಂದಿದ್ದೇನೆ. ನನ್ನದು ಮುಲುಂಡಿನ ಐದನೇ ಮಹಡಿಯ ಬಾಲ್ಕನಿ. ಅಕ್ಕನದು ಪುಣೆಯ ಕೋಥ್ರೂಡಿನಲ್ಲಿ ಗಚ್ಚಿ, ಅಂದರೆ ತಾರಸಿ. ನಾನು ತಮ್ಮ ಎನ್ನುವ ಸೋದರಮಾವನ ಮಗ ಗೋವಾದ ಫೋಂಡಾದಲ್ಲಿದ್ದಾನೆ, ಅವನಿಗೆ ಕೆಂಪು ಜಂಬಿಟ್ಟಿಗೆ ಮಣ್ಣಿನ ಹಿತ್ತಿಲಿದೆ. ಮೂವರೂ ಧಾರವಾಡ ಕಡೆಯವರು, ಮೂವರಿಗೂ ಊರಿನ ಜವಾರಿ ಟೊಮೆಟೊದ ಹುಳಿಯೇ ಬೇಕು. ಒಂದು ವರ್ಷ ಒಂದೇ ಪಾಕೀಟಿನ ಬೀಜವನ್ನು ಮೂರು ಪಾಲು ಮಾಡಿ ಹಂಚಿಕೊಂಡೆವು. ಅಕ್ಕನ ಗಿಡ ತುಂಬ ಕಾಯಿ, ನನ್ನ ಗಿಡದಲ್ಲಿ ಒಂಬತ್ತು ಕಾಯಿ, ತಮ್ಮನ ಗಿಡ ಹೂ ಬಿಡುವ ಮೊದಲೇ ಸತ್ತಿತು. ಅಂದಿನಿಂದ ಬೀಜ ಆರಿಸುವಾಗ ಪಾಕೀಟಿನ ಮೇಲಿನ ಚಿತ್ರವನ್ನು ನಾನು ಕಡೆಗೆ ನೋಡುತ್ತೇನೆ.

ಮೊದಲು ರಾತ್ರಿಯ ಸೆಕೆ ನೋಡಿ

ಟೊಮೆಟೊ ಕಾಯಿ ಕಟ್ಟುವುದು ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪನ್ನು ನೆಚ್ಚಿ. ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಹೂವೆಲ್ಲ ಕಾಯಿಯಾಗುತ್ತದೆ. 24 ದಾಟಿತೆಂದರೆ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ಮುಂಬೈಯಲ್ಲಿ ಮಳೆಗಾಲದ ರಾತ್ರಿ ಹೆಚ್ಚೂಕಡಿಮೆ 25 ಡಿಗ್ರಿಯಲ್ಲೇ ನಿಂತಿರುತ್ತದೆ, ಗಾಳಿಯಲ್ಲಿ ತೇವ ಬೇರೆ. ತೇವಕ್ಕೆ ಪರಾಗ ಅಂಟಂಟಾಗಿ ಉದುರುವುದೇ ಇಲ್ಲ. ಜನವರಿಯಲ್ಲಿ ರಾತ್ರಿ 17ಕ್ಕೆ ಇಳಿಯುತ್ತದೆ. ಹಾಗಾಗಿ ಮುಂಬೈ ಟೊಮೆಟೊಗೆ ಒಂದೇ ಕಾಲ. ಗಣಪತಿ ಹಬ್ಬದ ಹೊತ್ತಿಗೆ ಬೀಜ, ದಸರಾದಿಂದ ದೀಪಾವಳಿಯೊಳಗೆ ಕುಂಡಕ್ಕೆ ನಾಟಿ, ಸಂಕ್ರಾಂತಿಗೆ ಮೊದಲ ಹಣ್ಣು. ಈ ಲೆಕ್ಕ ತಪ್ಪಿದರೆ ಯಾವ ಹೈಬ್ರಿಡ್ಡೂ ಕೈ ಹಿಡಿಯದು.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ 11-12 ಡಿಗ್ರಿಗೆ ಬರುತ್ತದೆ, ಮಳೆಯೂ ಮುಂಬೈಯ ಮೂರನೇ ಒಂದು ಪಾಲು. ಟೊಮೆಟೊಗೆ ಹೇಳಿ ಮಾಡಿಸಿದ ಜಾಗ. ಜುನ್ನರ ತಾಲೂಕಿನ ನಾರಾಯಣಗಾಂವಿನ ಟೊಮೆಟೊ ಪೇಟೆ ಸುಮ್ಮನೆ ಬೆಳೆದದ್ದಲ್ಲ. ಅಲ್ಲಿಯ ತೊಂದರೆ ಉಲ್ಟಾ. ಡಿಸೆಂಬರ್ ಕೊನೆಗೆ ಚಳಿ ಹೆಚ್ಚಾದಾಗ ಕಾಯಿ ವಾರಗಟ್ಟಲೆ ಹಸಿರಾಗಿಯೇ ಕೂತಿರುತ್ತದೆ. "ಇವು ಹಣ್ಣಾಗ್ತಾವೋ ಇಲ್ಲೋ?" ಎಂದು ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಹಸಿ ಕಾಯಿ ಚಟ್ನಿ ಮಾಡ, ಹಣ್ಣಿನ ದಾರಿ ಯಾಕ ಕಾಯ್ತಿ" ಎಂದು ನಾನು. ಸಂಕ್ರಾಂತಿ ದಾಟಿದ ಮೇಲೆ ಎಲ್ಲ ಒಟ್ಟಿಗೇ ಕೆಂಪಾದವು.

ಗೋವಾದಲ್ಲಿ ಜನವರಿಯ ರಾತ್ರಿಯೂ 20ರ ಆಸುಪಾಸು. ಜೊತೆಗೆ ಹುಳಿ ಮಣ್ಣು, ಅದರೊಳಗೊಂದು ಕಾಯಿಲೆ. ಅದರ ಕತೆ ಮುಂದೆ ಹೇಳುತ್ತೇನೆ.

ಬಾಲ್ಕನಿ ಇರುವವರು ದಿಕ್ಕನ್ನೂ ನೋಡಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಆದ್ದರಿಂದ ದಕ್ಷಿಣದ ಬಾಲ್ಕನಿಗೆ ಸರಿಯಾಗಿ ಟೊಮೆಟೊ ಕಾಲದಲ್ಲೇ ಆರು ತಾಸು ಬಿಸಿಲು ಬೀಳುತ್ತದೆ. ಉತ್ತರದ ಬಾಲ್ಕನಿಗೆ ಬಿಸಿಲು ಬರುವುದು ಮೇ-ಜೂನಿನಲ್ಲಿ, ಆಗ ಅದು ಯಾವ ಕೆಲಸಕ್ಕೂ ಬಾರದು. ಉತ್ತರ ಮುಖದವರು ಟೊಮೆಟೊ ಆಸೆ ಬಿಟ್ಟು ನೇರ ಸೂಜಿಮೆಣಸಿನ ಭಾಗಕ್ಕೆ ಹೋಗಬಹುದು. ಪೂರ್ವದ ಬೆಳಗಿನ ಬಿಸಿಲು ಮೆಣಸಿನಕಾಯಿಗೆ ಧಾರಾಳ ಸಾಕು.

ಟೊಮೆಟೊ: ಹುಳಿ ಬೇಕೋ, ತೂಕ ಬೇಕೋ

ಬಜಾರಿನ ಟೊಮೆಟೊ ಲಾರಿಯಲ್ಲಿ ಒಡೆಯದಿರಲೆಂದು ಬೆಳೆಸಿದ್ದು. ದಪ್ಪ ಸಿಪ್ಪೆ, ಒಳಗೆ ಗಟ್ಟಿ ತಿರುಳು, ರಸ ಕಮ್ಮಿ. ಪಲ್ಯಕ್ಕೆ, ಸ್ಯಾಂಡ್‌ವಿಚ್ಚಿಗೆ ಅಡ್ಡಿಯಿಲ್ಲ. ಸಾರಿಗೆ ಹಾಕಿದರೆ ಮಾತ್ರ ಮೇಲೆ ಹುಣಸೆಹಣ್ಣು ಹಿಂಡಲೇಬೇಕು. ಹೀಗಿರುವಾಗ ಮನೆಯಲ್ಲಿ ಮತ್ತೆ ಅದೇ ಜಾತಿ ಬೆಳೆಸಿ ಏನು ಸಾಧಿಸಿದಂತಾಯಿತು? ಪೇಟೆಯಲ್ಲಿ ಸಿಗದ್ದನ್ನು ಬೆಳೆಸಿ. ನನ್ನ ಮಟ್ಟಿಗೆ ಅದು ಹುಳಿ ಟೊಮೆಟೊ.

ಆ ಹುಳಿಗೆ ಹತ್ತಿರ ಬರುವುದು ಎರಡು. ಒಂದು, ಊರಿಂದ ತಂದ ಜವಾರಿ ಬೀಜ, ಇಲ್ಲಿ ಮರಾಠಿಯವರು 'ಗಾವಠಿ' ಎನ್ನುವುದು. ಚಪ್ಪಟೆ ಹಣ್ಣು, ತೊಟ್ಟಿನ ಸುತ್ತ ಮಡಿಕೆ, ತೆಳು ಸಿಪ್ಪೆ, ಒತ್ತಿದರೆ ಕೈಯೆಲ್ಲ ರಸ. ಇದು ಬಳ್ಳಿಯಂತೆ ಹಬ್ಬುತ್ತ ಹೋಗುತ್ತದೆ, ಆರಡಿ ಊರುಗೋಲು ಸಾಲದು. ಇನ್ನೊಂದು, ದಿಲ್ಲಿಯ ಪೂಸಾ ಸಂಸ್ಥೆಯ ಹಳೆಯ ತಳಿ ಪೂಸಾ ರೂಬಿ. ಅದರ ಹಣ್ಣೂ ತುಸು ಚಪ್ಪಟೆ, ಮಡಿಕೆ ಕಡಿಮೆ. ನಾಟಿ ಮಾಡಿ ಎರಡು ತಿಂಗಳಿಗೆ ಹಣ್ಣು ಶುರು, ಮುಂಬೈಯ ಗಿಡ್ಡ ಚಳಿಗಾಲಕ್ಕೆ ಇದೇ ದೊಡ್ಡ ಅನುಕೂಲ. ಹುಳಿಯಲ್ಲಿ ಜವಾರಿಗೆ ಹತ್ತು ಅಂಕವಾದರೆ ಇದಕ್ಕೆ ಎಂಟು ಕೊಡುತ್ತೇನೆ. ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಉಳಿಸಿಕೊಳ್ಳಬಹುದು. ಎರಡಕ್ಕೂ ರೋಗ ತಡೆಯುವ ಶಕ್ತಿ ಕಮ್ಮಿ. ಬಿಳಿ ನೊಣ ಬಂತೋ, ಎಲೆ ಮುದುಡಿ ಗಿಡ ಅಲ್ಲಿಗೇ ನಿಲ್ಲುತ್ತದೆ.

ರೋಗದ ಮಾತು ಬಂದಾಗ ಅರ್ಕಾ ತಳಿಗಳು. ಬೆಂಗಳೂರು ಹತ್ತಿರ, ಅರ್ಕಾವತಿ ಹೊಳೆಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಅರ್ಕಾ ರಕ್ಷಕ್ ಹೈಬ್ರಿಡ್, ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಅರ್ಲಿ ಬ್ಲೈಟ್ ಎನ್ನುತ್ತಾರಲ್ಲ ಆ ಮೊದಲ ಅಂಗಮಾರಿ, ಮೂರನ್ನೂ ತಡೆದುಕೊಳ್ಳುತ್ತದೆ. ಅರ್ಕಾ ಅಭೇದ್ ಕೊನೆ ಅಂಗಮಾರಿಯನ್ನೂ ಸೇರಿಸಿ ನಾಲ್ಕನ್ನು ತಡೆಯುತ್ತದೆ. ರಕ್ಷಕ್ ಒಂದೇ ಗಿಡಕ್ಕೆ 18-19 ಕಿಲೊ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಅದು ಹೊಲದ ಮಾತು, ಹನಿ ನೀರಾವರಿ, ಲೆಕ್ಕದ ಗೊಬ್ಬರದ ಮಾತು. ನನ್ನ ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ಮೂರು ಕಿಲೊ ಹತ್ತಿರ ಬಂತು, ಅಷ್ಟಕ್ಕೇ ನಾನು ಮಂದಿಯನ್ನು ಕರೆದು ತೋರಿಸಿದೆ. ಹಣ್ಣು ಗಟ್ಟಿ, ಚೆಂದ, ವಾರ ಇಟ್ಟರೂ ಮೆತ್ತಗಾಗದು. ಹುಳಿ? ಬಜಾರಿನದಕ್ಕಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೇ. ಹೊಸಬರಿಗೆ ಮೊದಲ ವರ್ಷ ಇದನ್ನೇ ಹೇಳುತ್ತೇನೆ, ಏಕೆಂದರೆ ಮೊದಲ ವರ್ಷವೇ ಗಿಡ ಸತ್ತರೆ ಜನ ಎರಡನೇ ವರ್ಷ ಕುಂಡದಲ್ಲಿ ಮನಿ ಪ್ಲಾಂಟ್ ಹಾಕಿಬಿಡುತ್ತಾರೆ.

ಹೈಬ್ರಿಡ್ ಬೇಡ ಎನ್ನುವವರಿಗೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಇದೆ. ಬಿಸಿ ತಡೆಯುತ್ತದೆ, ನೀರು ಹೆಚ್ಚುಕಡಿಮೆಯಾದರೂ ಮುನಿಯದು. ಅಕ್ಕನ ಗಚ್ಚಿಯಲ್ಲಿ ಮಾರ್ಚ್ ಬಿಸಿಲಿಗೆ ಉಳಿದೆಲ್ಲ ಬಾಡಿದಾಗ ಇದೊಂದು ಇನ್ನೂ ಹೂ ಬಿಡುತ್ತಿತ್ತು.

ಚೆರ್ರಿ ಟೊಮೆಟೊ ಬಗ್ಗೆ ನನಗೆ ಮೊದಲು ತಾತ್ಸಾರವಿತ್ತು. ಗೋಲಿಯಷ್ಟು ಹಣ್ಣು ತಗೊಂಡು ಏನು ಮಾಡುವುದು, ಹೋಟೆಲಿನವರ ಶೋಕಿ, ಎಂದು. ಈಗ ಮಾತು ವಾಪಸು ತೆಗೆದುಕೊಂಡಿದ್ದೇನೆ. ರಾತ್ರಿಯ ಸೆಕೆಯಲ್ಲಿ ದೊಡ್ಡ ಹಣ್ಣಿನ ಜಾತಿಗಳೆಲ್ಲ ಹೂ ಉದುರಿಸುವಾಗ ಚೆರ್ರಿ ಗೊಂಚಲು ಗೊಂಚಲಾಗಿ ಕಾಯಿ ಕಟ್ಟುತ್ತದೆ. ಹನ್ನೆರಡು ಲೀಟರಿನ ಕುಂಡ ಸಾಕು. ನಾಲ್ಕೈದು ಹಣ್ಣು ಹಿಂಡಿ ಸಾರಿಗೆ ಬಿಟ್ಟರೆ ಸಿಹಿ-ಹುಳಿ ಎರಡೂ ಬರುತ್ತದೆ. ಗೋವಾದವರಿಗೂ, ಮುಂಬೈಯಲ್ಲಿ ತಡವಾಗಿ ನಾಟಿ ಮಾಡಿದವರಿಗೂ ಇದೇ ಸೈ. ಮಕ್ಕಳಿರುವ ಮನೆಯಲ್ಲಿ ಹಣ್ಣು ಅಡುಗೆಮನೆ ತನಕ ಬರುವುದೇ ಇಲ್ಲ, ಅದೊಂದೇ ಕೊರತೆ.

ಉದ್ದ ಹಣ್ಣಿನ ರೋಮಾ ಜಾತಿ ಗೊಜ್ಜಿಗೆ, ಸಾಸಿಗೆ ಚೆನ್ನ. ರಸ ಕಮ್ಮಿ, ಬೀಜ ಕಮ್ಮಿ, ಬೇಗ ಗಟ್ಟಿಯಾಗುತ್ತದೆ. ಗಿಡವೂ ಗಿಡ್ಡ, ಒಂದೇ ಹೊತ್ತಿಗೆ ಎಲ್ಲ ಹಣ್ಣು. ಆದರೆ ಕುಂಡದಲ್ಲಿ ಇದರ ಕಾಯಿ ತುದಿ ಕಪ್ಪಾಗಿ ಕೊಳೆಯುವುದು ಬಹಳ. ಸುಣ್ಣದ ಅಂಶ ಕಾಯಿಯ ತುದಿಗೆ ಮುಟ್ಟದೆ ಆಗುವ ತೊಂದರೆ ಇದು, ಹೆಚ್ಚಿನ ಸಲ ಕಾರಣ ಮಣ್ಣಿನಲ್ಲಿ ಸುಣ್ಣ ಇಲ್ಲದ್ದಲ್ಲ, ನೀರು ಒಂದು ದಿನ ಹೆಚ್ಚು ಒಂದು ದಿನ ಇಲ್ಲ ಎಂಬಂತೆ ಹಾಕಿದ್ದು. ಮೊಟ್ಟೆಯ ಸಿಪ್ಪೆ ಪುಡಿ ಉದುರಿಸಿ ಮರುವಾರವೇ ಫಲ ಕೇಳಬೇಡಿ, ಅದು ಕರಗಲು ತಿಂಗಳುಗಳೇ ಬೇಕು. ಶನಿವಾರ-ಭಾನುವಾರ ಊರಿಗೆ ಹೋಗಿಬರುವವರು ರೋಮಾ ಹಚ್ಚದಿರುವುದೇ ಲೇಸು.

ಎತ್ತರದ ಮಹಡಿಯಲ್ಲಿ ಜೇನು, ದುಂಬಿ ಬರುವುದು ಅಪರೂಪ. ಟೊಮೆಟೊ ಹೂವು ತನ್ನಿಂದ ತಾನೇ ಫಲ ಕಟ್ಟುತ್ತದೆ, ಆದರೆ ಅಲುಗಾಟ ಬೇಕು. ಬೆಳಗ್ಗೆ ಹತ್ತರ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ಹಿಂದೆ ಬೆರಳಿನಿಂದ ಟಕ್ಕೆಂದು ಹೊಡೆಯಿರಿ. ಹಳದಿ ಧೂಳು ಏಳುವುದು ಕಣ್ಣಿಗೆ ಕಾಣುತ್ತದೆ. ಒಂಬತ್ತು ಕಾಯಿಯ ಆ ವರ್ಷದಲ್ಲಿ ನನಗೆ ಈ ವಿದ್ಯೆ ಗೊತ್ತಿರಲಿಲ್ಲ.

ಫೋಂಡಾದ ಲೋಟ

ತಮ್ಮನ ಗಿಡ ಸತ್ತದ್ದು ವಿಚಿತ್ರವಾಗಿ. ಸಂಜೆ ನಳನಳಿಸುತ್ತಿದ್ದ ಗಿಡ ಮರುದಿನ ಮಧ್ಯಾಹ್ನ ಬಿಸಿನೀರು ಹೊಯ್ದಂತೆ ಜೋತುಬಿತ್ತು. ಎಲೆ ಹಳದಿಯಾಗಲಿಲ್ಲ, ಚುಕ್ಕೆ ಇಲ್ಲ, ಹುಳ ಇಲ್ಲ, ಹಚ್ಚ ಹಸಿರಾಗಿಯೇ ಸೊರಗಿತು. ನೀರು ಸಾಲದೆಂದು ಅವನು ಎರಡು ಬಿಂದಿಗೆ ಹೆಚ್ಚು ಹಾಕಿದ. ಮೂರನೇ ದಿನ ಪಕ್ಕದ ಗಿಡ, ಐದನೇ ದಿನ ಅದರಾಚೆಯ ಬದನೆ.

ಫೋನಿನಲ್ಲಿ ಕೇಳಿ ನಾನು ಹೇಳಿದೆ: "ಬುಡದ ಹತ್ರ ನಾಲ್ಕು ಬೆರಳು ಉದ್ದ ಕಾಂಡ ಕತ್ತರಿಸು. ಗಾಜಿನ ಲೋಟದಾಗ ನೀರು ಹಾಕಿ, ಕಾಂಡದ ತುದಿ ಅದ್ದಿ ಹಿಡಿ. ಅಲ್ಲಾಡಿಸಬ್ಯಾಡ." ಎರಡು ನಿಮಿಷಕ್ಕೆ ಫೋಟೊ ಬಂತು. ಕಾಂಡದ ತುದಿಯಿಂದ ಹಾಲಿನಂಥ ಬಿಳಿ ಎಳೆ, ಅಗರಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ, ನೀರಿನೊಳಗೆ ಇಳಿಯುತ್ತಿತ್ತು. ಅದೇ ದುಂಡಾಣು ಸೊರಗು ರೋಗ. ಆ ಬಿಳಿ ಎಳೆ ಎಂದರೆ ಕಾಂಡದ ನೀರಿನ ನಾಳಗಳಲ್ಲಿ ತುಂಬಿಕೊಂಡ ಬ್ಯಾಕ್ಟೀರಿಯಾ. ನಾಳ ಕಟ್ಟಿಕೊಂಡ ಮೇಲೆ ಬಿಂದಿಗೆಗಟ್ಟಲೆ ನೀರು ಹಾಕಿದರೂ ಎಲೆಗೆ ಮುಟ್ಟದು. ನೀರು ಹೆಚ್ಚಾದಷ್ಟೂ ಅದು ಪಕ್ಕದ ಗಿಡಕ್ಕೆ ಹರಿಯುತ್ತದೆ.

ಕರಾವಳಿಯ ಬೆಚ್ಚಗಿನ, ತೇವದ, ಹುಳಿ ಮಣ್ಣಿನಲ್ಲಿ ಈ ರೋಗದ ಕಾಟ ಹೆಚ್ಚು. ಟೊಮೆಟೊ, ಬದನೆ, ಮೆಣಸಿನಕಾಯಿ ಮೂರಕ್ಕೂ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಔಷಧಿ ಹೊಡೆದು ವಾಸಿ ಮಾಡುವ ರೋಗವಲ್ಲ. ಹಾಗಾಗಿ ಗೋವಾದ ಹಿತ್ತಿಲಿನಲ್ಲಿ ತಳಿಯ ಆಯ್ಕೆಯೇ ಔಷಧಿ. ಈ ರೋಗವನ್ನೇ ಗುರಿಯಿಟ್ಟು ಕೇರಳ ಕೃಷಿ ವಿಶ್ವವಿದ್ಯಾಲಯದವರು ತಂದ ಟೊಮೆಟೊಗಳಿವೆ, ಶಕ್ತಿ, ಮುಕ್ತಿ, ಅನಘ ಎಂದು ಹೆಸರು. ಅಲ್ಲಿಯದೂ ಇಂಥದೇ ಕೆಂಪು ಹುಳಿ ಮಣ್ಣು. ಮೆಣಸಿನಲ್ಲಿ ಅವರದೇ ಉಜ್ವಲ, ಅನುಗ್ರಹ. ಹೆಸರಘಟ್ಟದ ಕಡೆಯಿಂದ ಅರ್ಕಾ ರಕ್ಷಕ್, ಅರ್ಕಾ ಆಭಾ, ಅರ್ಕಾ ಆಲೋಕ್. ಜವಾರಿ ಟೊಮೆಟೊ ಆಸೆ ಬಿಡದಿದ್ದರೆ ಗೋವಾದಲ್ಲಿ ಅದಕ್ಕೆ ನೆಲ ಬೇಡ, ಗ್ರೋ ಬ್ಯಾಗು ಬೇಕು. ಹೊರಗಿನಿಂದ ತಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ತುಂಬಿ, ಚೀಲ ಮಣ್ಣಿಗೆ ತಾಗದಂತೆ ಇಟ್ಟಿಗೆಯ ಮೇಲಿಡಿ. ತಮ್ಮ ಈಗ ಮುಂದಿನ ಸಾಲಿನಲ್ಲಿ ಅನಘ, ವರಾಂಡದ ಚೀಲದಲ್ಲಿ ಜವಾರಿ ಎಂದು ಹಂಚಿಕೊಂಡಿದ್ದಾನೆ.

ಮೆಣಸಿನಕಾಯಿ: ಇಲ್ಲಿ ಧೈರ್ಯವಾಗಿ ಆರಿಸಿ

ಟೊಮೆಟೊದಷ್ಟು ನಾಜೂಕು ಮೆಣಸಿನ ಗಿಡಕ್ಕಿಲ್ಲ. ಎಂಟು-ಹತ್ತು ಲೀಟರಿನ ಕುಂಡ, ನಾಲ್ಕೈದು ತಾಸು ಬಿಸಿಲು ಇದ್ದರೆ ಮೂರೂ ಊರಿನಲ್ಲಿ ಬರುತ್ತದೆ. ಆರಿಸಬೇಕಾದದ್ದು ಅಡುಗೆಮನೆ ನೋಡಿ.

ದಿನದ ಒಗ್ಗರಣೆ, ಖಾರಬ್ಯಾಳಿ, ಠೇಚಾಕ್ಕೆ ಬೇಕಿದ್ದರೆ ಪೂಸಾ ಜ್ವಾಲಾ. ಗಿಡ್ಡ ಪೊದೆ, ಬೆರಳುದ್ದದ ತೆಳು ಕಾಯಿ, ಮೈಯೆಲ್ಲ ಸುಕ್ಕು, ಖಾರ ಚೆನ್ನಾಗಿದೆ. ನಾಲ್ಕು ಜನರ ಮನೆಗೆ ಎರಡು ಗಿಡ ಸಾಕು, ಮೂರು ಹಾಕಿದರೆ ನೆರೆಮನೆಗೆ ಹಂಚಬೇಕಾಗುತ್ತದೆ. ಕಾಯಿ ಹಸಿರಿದ್ದಾಗಲೇ ಕಿತ್ತಷ್ಟೂ ಗಿಡ ಹೂ ಬಿಡುತ್ತದೆ. ಕೆಂಪಾಗಲಿ ಎಂದು ಬಿಟ್ಟರೆ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ.

ಒಂದೇ ಕುಂಡ ಇಡಲು ಜಾಗವಿದ್ದರೆ, ಬಿಸಿಲೂ ಕಮ್ಮಿಯಿದ್ದರೆ, ಸೂಜಿಮೆಣಸು. ಗಾಂಧಾರಿ ಎಂದೂ ಕರೆಯುತ್ತಾರೆ. ನಮ್ಮ ಕಟ್ಟಡದ ಉಡುಪಿ ಕಡೆಯ ಅಮ್ಮನೊಬ್ಬರ ಉತ್ತರ ಕಿಟಕಿಯಲ್ಲಿ ಒಂದು ಗಿಡ ನಾಲ್ಕನೇ ವರ್ಷ ನಡೆಯುತ್ತಿದೆ. ಅರೆನೆರಳು ತಡೆಯುತ್ತದೆ, ಮುಂಬೈ ಮಳೆ ತಡೆಯುತ್ತದೆ, ವರ್ಷಕ್ಕೊಮ್ಮೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಇಷ್ಟೇ ಇಷ್ಟು ಕಾಯಿ ಆಕಾಶ ನೋಡುತ್ತ ನಿಲ್ಲುತ್ತದೆ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುವಂಥದ್ದು. ಬುಲ್‌ಬುಲ್ ಹಕ್ಕಿಗಳು ಬಂದು ಕೆಂಪು ಕಾಯಿಗಳನ್ನು ನಿರಾತಂಕವಾಗಿ ನುಂಗುತ್ತವೆ. ಹಕ್ಕಿಗಳಿಗೆ ಮೆಣಸಿನ ಖಾರ ಹತ್ತುವುದಿಲ್ಲ, ಬೀಜವೂ ಹೊಟ್ಟೆಯಲ್ಲಿ ಅರಗದೆ ಬೇರೆ ಕಡೆ ಬೀಳುತ್ತದೆ. ಹೀಗೆ ಮೂರನೇ ಮಹಡಿಯವರ ತುಳಸಿ ಕುಂಡದಲ್ಲೂ ಒಂದು ಗಿಡ ಹುಟ್ಟಿದೆ. ಪೂಸಾ ಸದಾಬಹಾರ್ ಕೂಡ ಇದೇ ಸ್ವಭಾವ, ಗೊಂಚಲಾಗಿ ಮೇಲ್ಮುಖ ಕಾಯಿ, ಎರಡು-ಮೂರು ವರ್ಷ ಬಾಳಿಕೆ. ಕಾಯಿ ಸ್ವಲ್ಪ ದೊಡ್ಡದು, ಹೆಚ್ಚಿ ಅಡುಗೆಗೆ ಹಾಕಲು ಸುಲಭ.

ಬ್ಯಾಡಗಿ ಹಾಕಲೇ ಎಂದು ಹೊಸದಾಗಿ ಬಂದ ನಮ್ಮ ಮಂದಿ ಎಲ್ಲರೂ ಕೇಳುತ್ತಾರೆ. ಊರಿನ ಮೋಹ, ಅರ್ಥವಾಗುತ್ತದೆ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿದ ನಮ್ಮ ಹಾವೇರಿ ಸೀಮೆಯ ಹೆಮ್ಮೆ ಅದು, ಡಬ್ಬಿ-ಕಡ್ಡಿ ಎರಡೂ ಬಗೆಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಅಡುಗೆಮನೆಯ ಒಣ ಬ್ಯಾಡಗಿಯ ಬೀಜ ಹೊಸದಿದ್ದರೆ ಮೊಳೆಯುತ್ತದೆ ಕೂಡ. ಆದರೆ ಅದರ ಗುಣವಿರುವುದು ಗಿಡದಲ್ಲೇ ಕೆಂಪಾಗಿ, ಒಣ ಹವೆಯಲ್ಲಿ ಸುಕ್ಕುಗಟ್ಟಿ ಒಣಗುವುದರಲ್ಲಿ. ನಾನು ಎರಡು ಗಿಡ ಬೆಳೆಸಿದೆ. ನಲವತ್ತೋ ಐವತ್ತೋ ಕಾಯಿ, ಒಣಗಿಸಿದರೆ ಒಂದು ಬಟ್ಟಲು. ಅರ್ಧಕ್ಕೆ ಕಡಲ ತೇವಕ್ಕೆ ಬೂಸು ಹಿಡಿಯಿತು. ಇಡೀ ವರ್ಷದ ಸಾಂಬಾರ ಪುಡಿಗೆ ಬೇಕಾದ ಬ್ಯಾಡಗಿಯನ್ನು ಊರಿಂದ ತರಿಸುವುದೇ ಸರಿ. ಪುಣೆಯ ಗಚ್ಚಿಯಲ್ಲಾದರೆ ಹವೆ ಒಣ, ಹತ್ತು ಕುಂಡ ಇಡುವ ತಾಕತ್ತಿದ್ದರೆ ಹಾಕಿ.

ಗೋವಾದಲ್ಲಿ ಇರುವವರು ಮಾತ್ರ ಬ್ಯಾಡಗಿಗೆ ಹಂಬಲಿಸುವ ಅಗತ್ಯವೇ ಇಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೇ ಶತಮಾನದಲ್ಲಿ ಬಂದಿಳಿದ ಕಡಲತೀರ ಅದು, ಅಲ್ಲಿ ಊರೂರಿಗೂ ತನ್ನದೇ ಮೆಣಸಿದೆ. ಕಾಣಕೋಣದ ಖೋಲಾ ಮೆಣಸಿನಕಾಯಿಗೆ 2019ರಲ್ಲಿ ಜಿಐ ಸಿಕ್ಕಿತು. ಪೆಡ್ಣೆ ಕಡೆಯ ಹರಮಲ್ ಮೆಣಸೂ ಆಮೇಲೆ ಅದೇ ಪಟ್ಟಿಗೆ ಬಂತು. ಖೋಲಾದವರು ಮೆಣಸು ಹಾಕುವುದು ಮಳೆಗಾಲದಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಎಷ್ಟು ಮಳೆ ಸುರಿದರೂ ನೀರು ನಿಲ್ಲದೆ ಇಳಿದುಹೋಗುತ್ತದೆ. ತಮ್ಮ ಖೋಲಾ ಬೀಜ ತಂದು ಹಿತ್ತಿಲ ಸಮತಟ್ಟಿನಲ್ಲಿ ಹಾಕಿದಾಗ ಅರ್ಧ ಗಿಡ ಬುಡ ಕೊಳೆತು ಹೋಯಿತು. ಮರುವರ್ಷ ಮೊಳಕೈ ಎತ್ತರದ ಏರಿ ಮಾಡಿ ಅದರ ಮೇಲೆ ಹಾಕಿದ, ನಿಂತವು. ಬೀಜ ಹುಡುಕಬೇಕಿದ್ದರೆ ಮೇ ತಿಂಗಳಲ್ಲಿ, ಮಳೆಗಾಲದ ದಾಸ್ತಾನಿಗೆ ಜನ ಸಾಮಾನು ಕೊಳ್ಳುವ ಪುರುಮೆಂತ್ ಸಂತೆಗಳಲ್ಲಿ ಒಣ ಮೆಣಸು ತಗೊಳ್ಳಿ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಮುದುಕಿಯರು ಕಟ್ಟು ಕಟ್ಟಿಟ್ಟುಕೊಂಡು ಕೂತಿರುತ್ತಾರೆ. 'ಮಿರ್ಸಾಂಗ್' ಎಂದು ಕೊಂಕಣಿಯಲ್ಲಿ ಕೇಳಿದರೆ ಮಾತೂ ಹೆಚ್ಚು, ಕೊಸರೂ ಹೆಚ್ಚು.

ಮೆಣಸಿನ ಎಲೆ ಮುದುಡಿದರೆ ಎಲ್ಲರೂ ಬೇವಿನೆಣ್ಣೆ ತಗೊಂಡು ಓಡುತ್ತಾರೆ. ಅದಕ್ಕೆ ಮೊದಲು ಎಲೆ ಯಾವ ಕಡೆ ಮಡಚಿದೆ ನೋಡಿ. ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಒಣ ಹವೆಯಲ್ಲಿ, ಪುಣೆಯ ಬೇಸಿಗೆಯಲ್ಲಿ ಜಾಸ್ತಿ. ಅಂಚು ಕೆಳಕ್ಕೆ ಬಾಗಿ ದೋಣಿ ಮಗುಚಿದಂತಿದ್ದರೆ ಮೈಟ್ ನುಸಿ. ಅದಕ್ಕೆ ನೀರಿನಲ್ಲಿ ಬೆರೆಯುವ ಬಗೆಯ ಗಂಧಕದ ಪುಡಿ ಕಲಸಿ ಸಂಜೆ ಹೊತ್ತು ಸಿಂಪಡಿಸಿದರೆ ಹಿಡಿತಕ್ಕೆ ಬರುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಮಾತ್ರ ಗಂಧಕ ಬೇಡ, ಎಲೆ ಸುಡುತ್ತದೆ. ಎಲೆ ಚಿಕ್ಕದಾಗಿ, ತುದಿ ಗುಚ್ಛವಾಗಿ ಬೆಳವಣಿಗೆಯೇ ನಿಂತಿದ್ದರೆ ಅದು ವೈರಸ್, ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ.

ದೊಣ್ಣೆ ಮೆಣಸಿನಕಾಯಿ, ಬೇಗ ಮುಗಿಸುತ್ತೇನೆ

ಢೊಬಳಿ ಮಿರ್ಚಿ, ಶಿಮ್ಲಾ ಮಿರ್ಚಿ, ದೊಣ್ಣೆ ಮೆಣಸಿನಕಾಯಿ, ಹೆಸರು ಯಾವುದಾದರೂ ಆಗಲಿ, ಮುಂಬೈ ಮತ್ತು ಗೋವಾದಲ್ಲಿ ಬೇಡ. ಇದು ಟೊಮೆಟೊಗಿಂತ ತಂಪು ಕೇಳುವ ಗಿಡ. ಹೂ ಉದುರುತ್ತದೆ, ಉಳಿದ ಒಂದೆರಡು ಕಾಯಿ ಮುಷ್ಟಿಗಿಂತ ಚಿಕ್ಕದಾಗಿ ಸೊಟ್ಟಗೆ ಬೆಳೆಯುತ್ತದೆ, ಬಿಸಿಲು ತಾಗಿದ ಕಡೆ ಬಿಳಿ ಸುಟ್ಟಗಾಯ. ಪುಣೆಯಲ್ಲಿ ಸೆಪ್ಟೆಂಬರಿನಲ್ಲಿ ಬೀಜ ಹಾಕಿ, ಹಸಿರು ನೆರಳು ಬಲೆಯಡಿ ಬೆಳೆಸಿದರೆ ಬರುತ್ತದೆ. ಬೀಜ ಉಳಿಸಲು ಕ್ಯಾಲಿಫೋರ್ನಿಯಾ ವಂಡರ್ ಅಥವಾ ಅರ್ಕಾ ಮೋಹಿನಿ, ಗಿಡಕ್ಕೆ ನಾಲ್ಕು ಕಾಯಿ ಹೆಚ್ಚು ಬೇಕಿದ್ದರೆ ಇಂದ್ರಾ ಎಂಬ ಹೈಬ್ರಿಡ್. ಅಕ್ಕ ಕೆಂಪು, ಹಳದಿ ಬಣ್ಣದ್ದು ಬೇಕೆಂದು ಹಟ ಹಿಡಿದಳು. ಹಸಿರು ಕಾಯಿ ಬಣ್ಣಕ್ಕೆ ತಿರುಗಲು ಇನ್ನೂ ಮೂರ್ನಾಲ್ಕು ವಾರ ಬೇಕು, ಅಷ್ಟರಲ್ಲಿ ಒಂದಕ್ಕೆ ಹುಳ ಬಿತ್ತು, ಒಂದನ್ನು ಅಳಿಲು ತಿಂದಿತು, ಒಂದು ಕೆಂಪಾಯಿತು. ಆ ಒಂದರ ಫೋಟೊ ಇನ್ನೂ ಅವಳ ಫೋನಿನ ಮೇಲಿದೆ.

ಮುಂಬೈಯವರಿಗೆ ದಪ್ಪ ಕಾಯಿಯೇ ಬೇಕಿದ್ದರೆ ಭಾವನಗರಿ. ತಿಳಿ ಹಸಿರು, ಉದ್ದ, ಖಾರ ನಾಮಕಾವಸ್ತೆ. ಜನವರಿ ಸಂಜೆ ಕಡಲೆಹಿಟ್ಟಿನಲ್ಲಿ ಅದ್ದಿ ಮಿರ್ಚಿಭಜಿ ಕರಿದು, ಪಕ್ಕಕ್ಕೆ ಗಿರ್ಮಿಟ್ ಇಟ್ಟುಕೊಂಡರೆ ಬಾಲ್ಕನಿ ಧಾರವಾಡವಾಗುತ್ತದೆ.

ಖಾರದ ಗಿಡದ ಪಕ್ಕ ದೊಣ್ಣೆ ಮೆಣಸು ಇಟ್ಟರೆ ಅದೂ ಖಾರವಾಗುತ್ತದೆ ಎಂಬ ಮಾತಿದೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಆ ಕಾಯಿಯ ಬೀಜ ಉಳಿಸಿ ಮುಂದಿನ ವರ್ಷ ಹಾಕಿದರೆ ಆಗ ಬಣ್ಣ ಬಯಲಾಗುತ್ತದೆ, ಮೆಣಸು ಸುಲಭವಾಗಿ ಬೆರಕೆಯಾಗುವ ಜಾತಿ. ಬೀಜಕ್ಕೆಂದು ಬಿಡುವ ಕೊಂಬೆಯ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಟ್ಟಿದ ಮೇಲೆ ದಾರ ಸುತ್ತಿ ಗುರುತಿಡಿ.

ಬೀಜ ಕೊಳ್ಳುವಾಗ, ಉಳಿಸುವಾಗ

ಪಾಕೀಟಿನ ಮೇಲೆ ಎಫ್1 ಎಂದಿದ್ದರೆ ಹೈಬ್ರಿಡ್. ಅದರ ಹಣ್ಣಿನಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ. ಬಜಾರಿನ ಟೊಮೆಟೊ ಕೊಳೆಸಿ ಕುಂಡದಲ್ಲಿ ಒತ್ತಿದ ಗಿಡಗಳು ಒಂದೊಂದು ಒಂದೊಂದು ಥರ ಬರುವುದು ಇದಕ್ಕೇ. ಆಟಕ್ಕೆ ಸರಿ, ಎರಡೇ ಕುಂಡ ಇರುವವರು ಹಾಗೆ ಮಾಡಬೇಡಿ. ಪರೀಕ್ಷೆ ಮಾಡಿದ ತಾರೀಕು ಮತ್ತು ಅವಧಿ ಮುಗಿಯುವ ತಾರೀಕು ಎರಡೂ ಪಾಕೀಟಿನ ಹಿಂದೆ ಇರುತ್ತದೆ, ಅದನ್ನೇ ಮೊದಲು ಓದಿ. ಒಮ್ಮೆ ನಾನು ಆನ್‌ಲೈನಿನಲ್ಲಿ 'ನೀಲಿ ಟೊಮೆಟೊ, ಬಳ್ಳಿ ಮೆಣಸು' ಎಂದು ಚಿತ್ರ ನೋಡಿ ತರಿಸಿದ್ದೆ. ತಾರೀಕೂ ಇಲ್ಲ, ತಳಿಯ ಹೆಸರೂ ಇಲ್ಲ. ಮೊಳೆತದ್ದು ರಾಜಗಿರಿ ಸೊಪ್ಪು. ಹುಳಿ ಮಾಡಿ ಉಂಡೆವು.

ಜವಾರಿ, ಪೂಸಾ ರೂಬಿ, ಅರ್ಕಾ ವಿಕಾಸ್‌ಗಳ ಬೀಜವನ್ನು ನೀವೇ ಇಟ್ಟುಕೊಳ್ಳಬಹುದು. ಟೊಮೆಟೊ ಬೆರಕೆಯಾಗುವುದು ಕಡಿಮೆ. ಎರಡನೇ ಅಥವಾ ಮೂರನೇ ಗೊಂಚಲಿನ ಒಳ್ಳೆಯ ಹಣ್ಣನ್ನು ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಡಿ. ತಿರುಳು ಸಮೇತ ಬೀಜವನ್ನು ಗಾಜಿನ ಬಾಟಲಿಗೆ ಹಿಂಡಿ, ಎರಡು ಚಮಚ ನೀರು ಹಾಕಿ ಎರಡು ದಿನ ಅಡುಗೆಮನೆಯ ಮೂಲೆಯಲ್ಲಿಡಿ. ಮೇಲೆ ಬಿಳಿ ಕೆನೆ ಕಟ್ಟಿ ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ. ಬೀಜದ ಸುತ್ತಲಿನ ಲೋಳೆ ಬಿಡಲು ಅದು ಬೇಕೇ ಬೇಕು. ಮೂರನೇ ದಿನ ಬೆಳಗ್ಗೆ ನೀರು ಹೊಯ್ದು ತೊಳೆದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳದಲ್ಲಿ ಕೂರುತ್ತದೆ. ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಿ, ಕಾಗದದ ಮೇಲೆ ಬೇಡ, ಅಂಟಿಕೊಂಡರೆ ಬಿಡಿಸಲು ಆಗದು. ಬೆರಳಿನಲ್ಲಿ ತಿಕ್ಕಿದರೆ ಸಣ್ಣ ರೋಮ ಉದುರುವಷ್ಟು ಒಣಗಿದ ಮೇಲೆ ಲಕೋಟೆಗೆ ತುಂಬಿ ಹೆಸರು, ವರ್ಷ ಬರೆಯಿರಿ. ಮುಂಬೈಯ ತೇವಕ್ಕೆ ಲಕೋಟೆಯನ್ನು ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿಯ ಜೊತೆ ಮುಚ್ಚಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ನನ್ನ ಡಬ್ಬಿಯಲ್ಲಿ ಈಗ ಮೂರು ಲಕೋಟೆಗಳಿವೆ, ಒಂದರ ಮೇಲೆ ಬರೆಯಲು ಮರೆತಿದ್ದೇನೆ. ಅದು ಟೊಮೆಟೊ ಎಂಬುದಷ್ಟೇ ಖಾತ್ರಿ.